ಒಳಗಿನ ನೋವು, ಹೊರಗಿನ ನೋಟ

ಮನಶ್ಶಾಸ್ತ್ರದ ಗ್ರಂಥಗಳನ್ನು ತೂಗಿ ನೋಡುವ ಅಧಿಕಾರ ನನಗಿಲ್ಲ. ಆದರೂ ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ಅವರ 1993ರ ಚಿಕಿತ್ಸಾಗ್ರಂಥವನ್ನೂ 2020ರ ಆತ್ಮಕಥೆಯನ್ನೂ ಜೊತೆಯಾಗಿ ಓದಿದ ಮೇಲೆ, ಅವು ವೈದ್ಯರಿಗಷ್ಟೇ ಸಲ್ಲುವ ಪುಸ್ತಕಗಳಲ್ಲವೆನ್ನಿಸಿತು.

ವೈದ್ಯರು 'ಬಾರ್ಡರ್‌ಲೈನ್' ಎನ್ನುವ ವ್ಯಕ್ತಿತ್ವದ ಬೇನೆಯಲ್ಲಿ ಭಾವನೆಗಳು ಕ್ಷಣಮಾತ್ರದಲ್ಲಿ ಭುಗಿಲೇಳುತ್ತವೆ. ನೆಚ್ಚಿದವರು ಕೈಬಿಡುವರೆಂಬ ಭಯ ಕಾಡುತ್ತದೆ. ತಾಳಲಾರದೆ ತಮ್ಮನ್ನೇ ಗಾಯಗೊಳಿಸಿಕೊಳ್ಳುವವರೂ ಉಂಟು. ಲಿನೆಹನ್ ಮೊದಲು ಇಂಥವರ ನಡತೆಯನ್ನು ತಿದ್ದಹೊರಟರು. ತಪ್ಪೆಲ್ಲ ತಮ್ಮದೇ ಎಂದಂತಾಯಿತೆಂದು ರೋಗಿಗಳು ನೊಂದರು. ತಿದ್ದುವುದನ್ನು ಬಿಟ್ಟು ಬರಿಯ ಸಹಾನುಭೂತಿ ತೋರಿದರು. ಈ ನರಕದಲ್ಲೇ ಇರಿ ಎಂದಂತಾಯಿತೆಂದು ಆಗಲೂ ನೊಂದರು. ಈ ಎರಡು ಸೋಲುಗಳಿಂದ ಅವರ ಪದ್ಧತಿ ಹುಟ್ಟಿತು: ನೋವು ನಿಜವೆಂದು ಮನಸಾರೆ ಒಪ್ಪುವುದು, ಒಪ್ಪುತ್ತಲೇ ಬದಲಾವಣೆಯನ್ನೂ ಬೇಡುವುದು. ಒಂದು ವರ್ಷದ ಈ ಚಿಕಿತ್ಸೆ ಪಡೆದ ಸ್ತ್ರೀಯರಲ್ಲಿ ಆತ್ಮಹಾನಿಯ ಯತ್ನಗಳು ಕಡಿಮೆಯಾದುವೆಂದು 1991ರಲ್ಲಿ ಪ್ರಕಟವಾದ ಅವರ ಪ್ರಯೋಗ ತೋರಿಸಿತು.

'ಸಹಾನುಭೂತಿ' ಎಂಬ ಮಾತನ್ನು ನಾವು ಮರುಕಕ್ಕೆ ಸಮನಾಗಿ ಬಳಸಿ ಸವೆಸಿದ್ದೇವೆ. ಜೊತೆಯಲ್ಲಿ ಅನುಭವಿಸುವುದು ಅದರ ನಿಜವಾದ ಅರ್ಥ. ಆದರೆ ಬಾವಿಗೆ ಬಿದ್ದವನ ಬಳಿಗೆ ಇಳಿದವನಿಗೂ ಮೇಲೆ ಹಗ್ಗ ಹಿಡಿದವರು ಬೇಕು. ಲಿನೆಹನ್ ಇದನ್ನು ಬಲ್ಲರು. ಚಿಕಿತ್ಸಕರೇ ವಾರಕ್ಕೊಮ್ಮೆ ಕೂಡಿ ಒಬ್ಬರನ್ನೊಬ್ಬರು ತಿದ್ದಿಕೊಳ್ಳುವುದನ್ನು ಅವರು ಚಿಕಿತ್ಸೆಯ ಅಂಗವಾಗಿಯೇ ಸೇರಿಸಿದ್ದಾರೆ. ಗ್ರಂಥದ ಉದ್ದುದ್ದ ಪಟ್ಟಿಗಳ ನಡುವೆ ನನಗೆ ಅತ್ಯಂತ ಮಾನವೀಯವಾಗಿ ಕಂಡ ಭಾಗವಿದು.

ಆತ್ಮಕಥೆಯ ಬಗೆಗೆ ಒಂದು ಎಚ್ಚರಿಕೆ. 1961ರಲ್ಲಿ, ಹದಿನೇಳರ ಹರೆಯದಲ್ಲಿ, ಲೇಖಕಿ ಸ್ವತಃ ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಯೊಂದನ್ನು ಸೇರಿ ಎರಡು ವರ್ಷಕ್ಕೂ ಮೇಲೆ ಅಲ್ಲಿದ್ದರು. ಆ ಪುಟಗಳನ್ನು ಓದುವಾಗ ಕಣ್ಣು ಮಂಜಾಗುತ್ತದೆ. 'ಉಂಡವರಿಗೇ ಗೊತ್ತು' ಎಂದು ನಿರ್ಧರಿಸಿಬಿಡುವುದು ಸುಲಭ. ಆದರೆ ಅವರು ಈ ಸಂಗತಿಯನ್ನು ಬಹಿರಂಗಪಡಿಸಿದ್ದು 2011ರಲ್ಲಿ. ಅದಕ್ಕೂ ಮುಂಚಿನ ಹದಿನೆಂಟು ವರ್ಷ, ಲೇಖಕಿಯ ಗುಟ್ಟನ್ನರಿಯದ, ತಾವೂ ಆ ನೋವನ್ನು ಕಾಣದ ಎಷ್ಟೋ ಚಿಕಿತ್ಸಕರು ಆ ಗ್ರಂಥವನ್ನು ಹಿಡಿದೇ ಕೆಲಸಮಾಡಿದ್ದಾರೆ.

ನನ್ನ ಮಟ್ಟಿಗೆ ಇದೇ ದೊಡ್ಡ ಭರವಸೆ. ಪರರ ನೋವು ನಮ್ಮದಾಗಿರಬೇಕಾದುದಿಲ್ಲ. ಅದನ್ನು ಕೇಳುವುದನ್ನೂ, ಕೇಳುತ್ತ ಅದರಲ್ಲೇ ಮುಳುಗದಿರುವುದನ್ನೂ ಕಲಿಯಬಹುದು, ಕಲಿಸಲೂಬಹುದು.