ಹಳೆಯ ಎಎಂಜಿ ಕೊಳ್ಳುವ ಮುನ್ನ: ರಸಿಕರಿಗೊಂದು ಕೈಪಿಡಿ

ಮೊದಲ ನೋಟಕ್ಕೆ ಇದು ಸಾಧಾರಣ ಕಾರು. ಜರ್ಮನಿಯ ಯಾವ ಟ್ಯಾಕ್ಸಿ ಸ್ಟ್ಯಾಂಡಿನಲ್ಲಾದರೂ ಒಂದು ಕಾಲಕ್ಕೆ ಸಾಲಾಗಿ ನಿಂತಿರುತ್ತಿದ್ದ ಮರ್ಸಿಡಿಸ್ ಇ-ಕ್ಲಾಸ್‌ನದೇ ಮೈಕಟ್ಟು, ಅದೇ ನಾಲ್ಕು ದುಂಡು ದೀಪ. ಹಿಂದೆ ಬಂದು ನಿಂತರೆ ನಾಲ್ಕು ಸೈಲೆನ್ಸರ್ ಕೊಳವೆ, ತುಸು ಅಗಲವಾದ ಟಯರು, ಡಿಕ್ಕಿಯ ಮೇಲೆ ‘ಇ55’. ಬಾನೆಟ್ ಎತ್ತಿದರೆ 5.4 ಲೀಟರಿನ ವಿ8 ಎಂಜಿನ್, ಅದರ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಒಂದು ಸೂಪರ್‌ಚಾರ್ಜರ್. 476 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.7 ಸೆಕೆಂಡು. 2002ರ ಕೊನೆಗೆ ಬಂದ ಈ ಕಾರನ್ನು ಬಲ್ಲವರು ಅದರ ಕಾರ್ಖಾನೆ ಸಂಕೇತದಿಂದ ಡಬ್ಲ್ಯು211 ಎಂದು ಕರೆಯುತ್ತಾರೆ. ಇಂದು ಅದು ಎರಡನೆಯ, ಮೂರನೆಯ, ಐದನೆಯ ಮಾಲೀಕರ ಕೈಯಲ್ಲಿದೆ. ಯಾರ ಕೈಯೂ ತಾಗದೆ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿರುವುದು ಅಪರೂಪ. ಪುಲ್ಲಿ ಬದಲಾಗಿರುತ್ತದೆ, ಕಂಪ್ಯೂಟರ್ ತಿದ್ದಿರುತ್ತಾರೆ, ಸೈಲೆನ್ಸರ್ ಕತ್ತರಿಸಿರುತ್ತಾರೆ. ಇಂಥ ಗಾಡಿಯನ್ನು ನೋಡುವುದು ಹೇಗೆ, ಕೊಳ್ಳುವುದು ಹೇಗೆ, ಕೊಂಡಮೇಲೆ ಸವಿಯುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಇದರ ಮನೆತನದ ಪರಿಚಯ ಸ್ವಲ್ಪ ಬೇಕು. ಹ್ಯಾನ್ಸ್ ವೆರ್ನರ್ ಔಫ್ರೆಷ್ಟ್ ಮತ್ತು ಎರ್‌ಹಾರ್ಡ್ ಮೆಲ್ಷರ್ ಎಂಬ ಇಬ್ಬರು ಎಂಜಿನಿಯರುಗಳು 1967ರಲ್ಲಿ ಎಎಂಜಿ ಶುರು ಮಾಡಿದರು. ಎ ಮತ್ತು ಎಂ ಅವರಿಬ್ಬರ ಹೆಸರಿನವು. ಜಿ ಎಂದರೆ ಔಫ್ರೆಷ್ಟ್ ಹುಟ್ಟಿದ ಊರು ಗ್ರೋಸಾಸ್ಪಾಖ್. 1971ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ನಡೆದ 24 ಗಂಟೆಗಳ ರೇಸಿಗೆ ಇವರು ಇಳಿಸಿದ್ದು 300 ಎಸ್‌ಇಎಲ್ ಎಂಬ ಭಾರಿ ಐಷಾರಾಮಿ ಸೆಡಾನ್ ಅನ್ನು, 6.8 ಲೀಟರಿಗೆ ಹಿಗ್ಗಿಸಿದ ಎಂಜಿನ್ನಿನೊಂದಿಗೆ. ಹಗುರ ರೇಸ್ ಕಾರುಗಳ ನಡುವೆ ಆ ಕೆಂಪು ಆನೆ ಎರಡನೆಯ ಸ್ಥಾನದಲ್ಲಿ ಗುರಿ ಮುಟ್ಟಿತು. ಕಂಪನಿ ಆಮೇಲೆ ಸ್ಟುಟ್‌ಗಾರ್ಟ್ ಬಳಿಯ ಅಫಾಲ್ಟರ್‌ಬಾಖ್‌ಗೆ ಬಂತು. 1986ರಲ್ಲಿ ಮಧ್ಯಮ ಗಾತ್ರದ ಮರ್ಸಿಡಿಸ್‌ನೊಳಗೆ ದೊಡ್ಡ ವಿ8 ಕೂರಿಸಿ ‘ಹ್ಯಾಮರ್’ ಮಾಡಿತು. ಮರ್ಸಿಡಿಸ್‌ನೊಂದಿಗೆ ಒಪ್ಪಂದವಾದದ್ದು 1990ರಲ್ಲಿ, ಪೂರ್ತಿ ಮಾರಾಟವಾದದ್ದು 2005ರಲ್ಲಿ. ಅಂದರೆ ಎಎಂಜಿ ಹುಟ್ಟಿದ್ದೇ ಬೇರೆಯವರು ಮಾಡಿದ ಕಾರನ್ನು ಬಿಚ್ಚಿ ತಿದ್ದುವ ಗ್ಯಾರೇಜಾಗಿ. ಮಾರ್ಪಾಡು ಮಾಡಿದ ಎಎಂಜಿಯನ್ನು ‘ಕೆಡಿಸಿದ ಗಾಡಿ’ ಎಂದು ಸಾರಾಸಗಟಾಗಿ ತಳ್ಳಿಹಾಕುವವರ ಮಾತಿಗೆ ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಯಾವ ಮಾರ್ಪಾಡು, ಯಾವುದರ ನಂತರ ಯಾವುದು, ಎಂಬುದನ್ನು ನೋಡಬೇಕು. ಎಲ್ಲ ಗುಟ್ಟೂ ಆ ಕ್ರಮದಲ್ಲಿದೆ.

ಕೊಳ್ಳುವ ಮಾತಿಗೆ ಮುಂಚೆ ಸವಿಯುವ ಮಾತು. ಮೊದಲ ಸಲ ಇದರಲ್ಲಿ ಹೋಗುವಾಗ ಸ್ಟೀರಿಂಗ್ ಹಿಡಿಯಬೇಡಿ, ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಓಡಿಸುವವನ ಗಮನವೆಲ್ಲ ರಸ್ತೆಗೆ ಹೋಗುತ್ತದೆ; ಪಕ್ಕದಲ್ಲಿ ಕೂತವನಿಗೆ ಕಿವಿ, ಬೆನ್ನು ಎರಡೂ ಬಿಡುವಾಗಿರುತ್ತವೆ. ಊರೊಳಗೆ ಗಾಡಿ ಸುಮ್ಮನಿರುತ್ತದೆ. ಸೂಪರ್‌ಚಾರ್ಜರಿಗೆ ವಿದ್ಯುತ್ ಕ್ಲಚ್ ಇದೆ. ಕೆಲಸವಿಲ್ಲದಾಗ ಅದು ತಿರುಗುವುದೇ ಇಲ್ಲ. ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ಕಾಲು ಒತ್ತಿದ ಕೂಡಲೇ ಕ್ಲಚ್ ಹಿಡಿಯುತ್ತದೆ, ವಿ8ನ ಮಂದ್ರದ ಮೇಲೆ ತೆಳುವಾದ ಒಂದು ತಾರಸ್ವರ ಏರುತ್ತದೆ. ಟಾರ್ಕ್ ಪೂರ್ತಿ ಸಿಗುವುದು 2,650 ಸುತ್ತಿನಿಂದ 4,500ರವರೆಗೆ, ಅಂದರೆ ದಿನನಿತ್ಯ ಓಡಿಸುವಾಗ ಎಂಜಿನ್ ಇರುವ ಜಾಗದ ಪಕ್ಕದಲ್ಲೇ. ಹಾಗಾಗಿ ಈ ಕಾರು ಕಿರುಚಿ ಓಡುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ಅದೇ ಕಾಲದ ಬಿಎಂಡಬ್ಲ್ಯು ಎಂ5 ಇನ್ನೊಂದು ಬಗೆಯದು: ಸುತ್ತು ಏರಿದಷ್ಟೂ ಎಂಜಿನ್ ಹುರುಪಾಗುತ್ತದೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು. ನಾಲ್ಕು ಜನ, ಅವರ ಸಾಮಾನು, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗು, ಇಷ್ಟೂ ಇಟ್ಟುಕೊಂಡು 200ರ ವೇಗದಲ್ಲಿ ಯಾರ ಮಾತಿಗೂ ತಡೆಯಾಗದಂತೆ ಸಾಗುವುದು ಇ55ರ ರಸ. ಅದನ್ನು ಕಳೆಯುವ ಯಾವ ಮಾರ್ಪಾಡೂ ನನ್ನ ಲೆಕ್ಕದಲ್ಲಿ ತಪ್ಪು. ಅಬ್ಬರದ ಸೈಲೆನ್ಸರ್ ಈ ಪಟ್ಟಿಯಲ್ಲಿ ಮೊದಲನೆಯದು.

ಈಗ ಮುಖ್ಯ ಸಂಗತಿಗೆ ಬರೋಣ: ಶಾಖ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬಿಸಿ ಗಾಳಿ ಎಂಜಿನ್ನಿಗೆ ಹೋದರೆ ಪೆಟ್ರೋಲು ಹೊತ್ತುಗೊತ್ತಿಲ್ಲದೆ ಹೊತ್ತಿ ಸಿಲಿಂಡರಿನೊಳಗೆ ಬಡಿತ ಹುಟ್ಟುತ್ತದೆ. ಅದನ್ನು ತಪ್ಪಿಸಲು ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಶಕ್ತಿ ಕುಗ್ಗುತ್ತದೆ. ಇದಕ್ಕಾಗಿಯೇ ಸೂಪರ್‌ಚಾರ್ಜರಿನಿಂದ ಹೊರಟ ಗಾಳಿ ನೀರು ಹರಿಯುವ ಇಂಟರ್‌ಕೂಲರ್ ಮೂಲಕ ಹಾದು ಬರುತ್ತದೆ. ಆ ನೀರನ್ನು ಓಡಿಸುವುದು ಮುಷ್ಟಿಗಾತ್ರದ ಒಂದು ವಿದ್ಯುತ್ ಪಂಪು. ಕಾರ್ಖಾನೆ ಹಾಕಿದ್ದು ಬಾಷ್ ಕಂಪನಿಯದು. ಇಡೀ ಕಾರಿನಲ್ಲಿ ಇಷ್ಟು ಅಗ್ಗವಾಗಿದ್ದು ಇಷ್ಟು ಮುಖ್ಯವಾದ ಭಾಗ ಇನ್ನೊಂದಿಲ್ಲ. ಅದು ಸತ್ತರೆ ಎಚ್ಚರಿಕೆಯ ದೀಪ ಹೊತ್ತಬೇಕೆಂದಿಲ್ಲ. ಗಾಡಿ ಮಂಕಾಗುತ್ತದೆ, ಅಷ್ಟೆ. ಬೆಳಗಿನ ತಂಪಿನಲ್ಲಿ ಹುಲಿಯಂತಿದ್ದದ್ದು ಮಧ್ಯಾಹ್ನ ಮಾಮೂಲಿ ಇ500ರಂತೆ ಓಡುತ್ತದೆ. ಇಂಟರ್‌ಕೂಲರಿನ ನೀರೂ ಎಂಜಿನ್ನಿನ ನೀರೂ ಒಂದೇ ಟ್ಯಾಂಕನ್ನು ಹಂಚಿಕೊಳ್ಳುವುದು ಮೂಲ ವಿನ್ಯಾಸದ ಇನ್ನೊಂದು ದೌರ್ಬಲ್ಯ.

ಇಂಥ ಗಾಡಿಗೆ ಮೊದಲು ಮಾಡಬೇಕಾದದ್ದು ಏನೆಂದು ಈಗ ತಾನಾಗಿ ತಿಳಿಯುತ್ತದೆ. ಹೆಚ್ಚು ನೀರು ಓಡಿಸುವ ಪಂಪು, ಮುಂದೆ ದೊಡ್ಡ ರೇಡಿಯೇಟರು, ಎರಡು ನೀರಿನ ದಾರಿಗಳನ್ನು ಬೇರೆ ಮಾಡುವುದು. ಇದಾದ ಮೇಲೆ ಸೂಪರ್‌ಚಾರ್ಜರನ್ನು ಇನ್ನಷ್ಟು ವೇಗವಾಗಿ ತಿರುಗಿಸುವ ಪುಲ್ಲಿ, ಅದಕ್ಕೆ ಹೊಂದುವಂತೆ ಕಂಪ್ಯೂಟರಿನ ಮ್ಯಾಪಿಂಗ್. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ತಂಪಿನ ಏರ್ಪಾಡಿಲ್ಲದೆ ಪುಲ್ಲಿ ಹಾಕುವುದು ಬೇಳೆ ಬೇಯುವ ಮೊದಲೇ ಒಗ್ಗರಣೆ ಕೊಟ್ಟ ಹಾಗೆ: ಘಮ ಬರುತ್ತದೆ, ಊಟ ಆಗುವುದಿಲ್ಲ. ಮಾರುವವನ ಹತ್ತಿರವಿರುವ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ಓದಿ. ಪಂಪಿನ ಬಿಲ್ಲು ಪುಲ್ಲಿಯ ಬಿಲ್ಲಿಗಿಂತ ಹಿಂದಿನದಾದರೆ ಆ ಮಾಲೀಕ ತಿಳಿದವನು. ಹಿಂದಿನ ಚಕ್ರಗಳಿಗೆ ಯಾಂತ್ರಿಕ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಕಾರ್ಖಾನೆ ಬ್ರೇಕ್ ಒತ್ತಿಯೇ ಚಕ್ರದ ಜಾರಾಟ ತಡೆಯಹೊರಟಿತ್ತು. 700 ನ್ಯೂಟನ್ ಮೀಟರಿಗೆ ಅದು ಸಾಲದು. ಬರೀ ಅಶ್ವಶಕ್ತಿಯ ಅಂಕಿ ತೋರಿಸಿ, ಬಿಲ್ಲು ಕೇಳಿದರೆ ಮಾತು ತಿರುಗಿಸುವವನ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

ನೋಡಲು ಹೋಗುವ ಮೊದಲು ಫೋನಿನಲ್ಲಿ ಒಂದೇ ಒಂದು ವಿನಂತಿ: ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ತಣ್ಣಗಿದ್ದರೆ ಮೊದಲು ಚಾಸಿಸ್ ನಂಬರ್: ಯುರೋಪಿನ ಸೆಡಾನ್‌ನಲ್ಲಿ 211076 ಎಂಬ ಆರು ಅಂಕಿ ಇರಬೇಕು. ಸಾದಾ ಇ500ಗೆ ಇ55ರ ಅಕ್ಷರ ಅಂಟಿಸಿದವರಿದ್ದಾರೆ. ಅದರ ಅಂಕಿ 211070. ನಂತರ ಎಂಜಿನ್ ಮೇಲಿನ ಫಲಕ. ಅಫಾಲ್ಟರ್‌ಬಾಖ್‌ನಲ್ಲಿ ಒಂದು ಎಂಜಿನ್ನನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ಜೋಡಿಸುತ್ತಾನೆ, ಆ ಫಲಕದ ಮೇಲೆ ಅವನ ಸಹಿ ಇರುತ್ತದೆ. ಒಂದು ನಿಮಿಷ ಅಲ್ಲಿ ನಿಂತು ಆ ಹೆಸರು ಓದಿ. ಆಮೇಲೆ ಸ್ಟಾರ್ಟ್. ಬೆಲ್ಟಿನ ಕಡೆ ಕಿವಿ ಕೊಡಿ: ಒರಟು ಗರಗರ ಶಬ್ದ ಬಂದರೆ ಸೂಪರ್‌ಚಾರ್ಜರ್ ಪುಲ್ಲಿಯ ಬೇರಿಂಗ್ ಸವೆದಿರಬಹುದು, ಬೆಲ್ಟನ್ನು ಬಿಗಿಹಿಡಿಯುವ ರೋಲರ್ ಇರಬಹುದು. ಬಿಸಿಯಾದಾಗ ಸುಟ್ಟ ಎಣ್ಣೆಯ ವಾಸನೆ ಬಂದರೆ ಹೆದರಬೇಡಿ. ವಾಲ್ವ್ ಕವರ್ ಮೇಲಿನ ಉಸಿರುಗಂಡಿಯ ಮುಚ್ಚಳದಿಂದ ಎಣ್ಣೆ ಜಿನುಗುವುದು ಈ ಎಂಜಿನ್ನಿನ ಹಳೆಯ ಚಾಳಿ, ರಿಪೇರಿ ಸುಲಭ. ಸ್ಪಾರ್ಕ್ ಪ್ಲಗ್ ಒಂದು ಸಿಲಿಂಡರಿಗೆ ಎರಡರಂತೆ ಒಟ್ಟು 16. ಬದಲಿಸಿದ ಬಿಲ್ಲು ಇದೆಯೇ ಕೇಳಿ. ಕೊನೆಗೆ ಗಾಡಿಯ ಕಂಪ್ಯೂಟರನ್ನು ಓದಲು ಇರುವ ಓಬಿಡಿ ಸಾಕೆಟ್ಟಿಗೆ ಅಗ್ಗದ ರೀಡರ್ ಚುಚ್ಚಿ, ಎಂಜಿನ್ನಿನ ಒಳಕ್ಕೆ ಹೋಗುವ ಗಾಳಿಯ ತಾಪ ನೋಡುತ್ತ ಅರ್ಧ ಗಂಟೆ ಓಡಿಸಿ. ಎರಡು ಸಲ ಜೋರಾಗಿ ಎಳೆದು ಆಮೇಲೆ ನಿಧಾನ ಹೋದಾಗ ಆ ಅಂಕಿ ಇಳಿಯಬೇಕು. ಏರಿ ಅಲ್ಲೇ ಕೂತರೆ ಪಂಪು ಹೋಗಿದೆ.

ಬ್ರೇಕಿನ ವಿಷಯ ಎಚ್ಚರದಿಂದ ಓದಿ. 2006ರ ಪರಿಷ್ಕರಣೆಗೆ ಮುಂಚಿನ ಡಬ್ಲ್ಯು211ಗಳಲ್ಲಿ ಎಸ್‌ಬಿಸಿ ಎಂಬ ವ್ಯವಸ್ಥೆ ಇದೆ. ಪೆಡಲು ಒತ್ತಿದಾಗ ನಿಮ್ಮ ಕಾಲಿನ ಬಲ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಎಷ್ಟು ಒತ್ತಿದಿರಿ ಎಂಬುದನ್ನು ಕಂಪ್ಯೂಟರ್ ಓದುತ್ತದೆ, ವಿದ್ಯುತ್ ಪಂಪು ಕೂಡಿಟ್ಟ ಒತ್ತಡವನ್ನು ನಾಲ್ಕು ಚಕ್ರಕ್ಕೆ ಹಂಚುತ್ತದೆ. ಕೆಲಸ ಮಾಡುವಷ್ಟು ದಿನ ಅದ್ಭುತ. ಆದರೆ 2004 ಮತ್ತು 2005ರಲ್ಲಿ ಇದಕ್ಕಾಗಿ ಕಾರುಗಳನ್ನು ವಾಪಸು ಕರೆಸಿದರು, ಕೊನೆಗೆ ಈ ವ್ಯವಸ್ಥೆಯನ್ನೇ ಕೈಬಿಟ್ಟರು. ಆ ಘಟಕ ಎಷ್ಟು ಸಲ ಬ್ರೇಕ್ ಹಾಕಿದಿರೆಂದು ಎಣಿಸುತ್ತದೆ, ಮಿತಿ ದಾಟಿದರೆ ಬದಲಿಸಿ ಎಂದು ಎಚ್ಚರಿಸುತ್ತದೆ. ಯಾವಾಗ ಬದಲಿಸಿದ್ದು ಎಂದು ಕೇಳಿ. ಕೌಂಟರ್ ಅಳಿಸಿ ‘ಸರಿಮಾಡಿದ್ದೇವೆ’ ಎನ್ನುವವರನ್ನು ನಂಬಬೇಡಿ. ಇನ್ನೊಂದು ಮಾತು, ಇದು ಕೈಯ ಪ್ರಶ್ನೆ: ಎಸ್‌ಬಿಸಿಯನ್ನು ಮೊದಲು ನಿಷ್ಕ್ರಿಯ ಮಾಡದೆ ಬ್ರೇಕ್ ಪ್ಯಾಡ್ ಬಿಚ್ಚಬಾರದು. ಗಾಡಿಯ ಬೀಗ ಅಥವಾ ಬಾಗಿಲು ತೆರೆದರೂ ಸಾಕು, ವ್ಯವಸ್ಥೆ ಎಚ್ಚರವಾಗಿ ಪಿಸ್ಟನ್‌ಗಳನ್ನು ಪೂರ್ತಿ ಬಲದಿಂದ ತಳ್ಳಬಹುದು. ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ. ಇದನ್ನು ತಿಳಿಯದ ಮೆಕ್ಯಾನಿಕ್ ಎಷ್ಟೇ ಒಳ್ಳೆಯವನಾದರೂ ಈ ಗಾಡಿ ಅವನ ಕೈಗೆ ಬೇಡ.

ಗಾಳಿಯ ಸಸ್ಪೆನ್ಷನ್ ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಗಾಡಿಯ ನಾಲ್ಕೂ ಚಕ್ರದ ಮೇಲಿನ ಸಂದು ಬೆಳಿಗ್ಗೆ ನೋಡಿ. ಒಂದು ಮೂಲೆ ಕುಗ್ಗಿದ್ದರೆ ಅಲ್ಲಿ ಸೋರಿಕೆ. ದುಡ್ಡು ಉಳಿಸಲು ಅದನ್ನು ಕಿತ್ತು ಸ್ಪ್ರಿಂಗ್ ಹಾಕಿಸಿದ ಗಾಡಿಗಳೂ ಸಿಗುತ್ತವೆ. ಗಡುಸಾಗಿರುತ್ತವೆ, ನಾನು ಕೊಳ್ಳುವುದಿಲ್ಲ. ಗೇರ್‌ಬಾಕ್ಸ್ ಐದು ಗೇರಿನದು. ಮರ್ಸಿಡಿಸ್ ಆಮೇಲೆ ಏಳು ಗೇರಿನದನ್ನು ತಂದರೂ ಈ ಟಾರ್ಕ್ ತಾಳುವ ಹಳೆಯದನ್ನೇ ಇಲ್ಲಿ ಉಳಿಸಿಕೊಂಡಿತು. ಎಣ್ಣೆ ಬದಲಿಸಿದ್ದರೆ ಗಟ್ಟಿ ಜೀವ.

ಕಾಗದಪತ್ರ. ಜರ್ಮನಿಯಲ್ಲಿ ಮಾರ್ಪಾಡುಗಳು ತಪಾಸಣೆಯಾಗಿ ಗಾಡಿಯ ದಾಖಲೆಯಲ್ಲಿ ನಮೂದಾಗಿರಬೇಕು, ಇಲ್ಲವೇ ಆ ಭಾಗಕ್ಕೆ ಮಾನ್ಯವಾದ ಅನುಮತಿಪತ್ರ ಇರಬೇಕು. ಇಲ್ಲದಿದ್ದರೆ ರಸ್ತೆಗಿಳಿಯುವ ಅನುಮತಿಯೇ ರದ್ದಾಗಬಹುದು. ಬ್ರಿಟನ್ನಿನಲ್ಲಿ ಗಾಡಿಯ ನಂಬರ್ ಕೊಟ್ಟರೆ ಹಳೆಯ ವಾರ್ಷಿಕ ತಪಾಸಣೆಗಳ ಫಲಿತಾಂಶ, ಓಡಿದ ಮೈಲಿ ಸಮೇತ, ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ತುಕ್ಕಿನ ಉಲ್ಲೇಖಕ್ಕೆ ಕಣ್ಣಿಡಿ: ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಹಿಂಭಾಗದ ಸಬ್‌ಫ್ರೇಮ್ ತಿನ್ನುತ್ತದೆ. ವಿಮೆಯವರಿಗೆ ಪ್ರತಿ ಮಾರ್ಪಾಡನ್ನೂ ಹೇಳಿ, ಪ್ರೀಮಿಯಂ ಏರಿದರೂ ಹೇಳಿ.

ಸ್ಟುಟ್‌ಗಾರ್ಟ್‌ನಲ್ಲಿ, ಲಂಡನ್ನಿನಲ್ಲಿ ಕೆಲಸಕ್ಕಿರುವ ಕನ್ನಡಿಗರಲ್ಲಿ ಈ ಗಾಡಿಯ ಆಸೆಯುಳ್ಳವರಿದ್ದಾರೆ. ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ, ಬಾಷ್ ಅಂತೂ ಮೈಕೋ ಎಂಬ ಹೆಸರಿನಲ್ಲಿ ಆಡುಗೋಡಿಯವರಿಗೆ ಮನೆಮಾತಾಗಿತ್ತು. ಅಲ್ಲಿಗೂ ಇಲ್ಲಿಗೂ ಓಡಾಟ ಇದ್ದದ್ದೇ. ಅವರಿಗೆ ಒಂದು ಮಾತು: ಊರಿಗೆ ಮರಳುವಾಗ ಇದನ್ನು ತರುವ ಯೋಚನೆ ಬೇಡ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಗಾಡಿಯ ಮೂಲ ರೂಪ ಬದಲಿಸುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡವಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಇರುವಷ್ಟು ದಿನ ಅಲ್ಲೇ ಓಡಿಸಿ.

ಕೊಂಡ ಮೇಲೆ ಮೊದಲ ವರ್ಷ ಹೊಸ ಶಕ್ತಿಗೆ ಒಂದು ಯೂರೋ ಸಹ ಹಾಕಬೇಡಿ. ಎಲ್ಲ ಎಣ್ಣೆ, ಎರಡೂ ನೀರಿನ ದಾರಿ, ಬೆಲ್ಟು, ಪಂಪು, ಒಳ್ಳೆಯ ಟಯರು. ಕೊಂಡ ಬೆಲೆಯ ಸಾಕಷ್ಟು ಭಾಗವನ್ನು ಇದಕ್ಕೆಂದೇ ಬೇರೆ ಎತ್ತಿಡಿ. ಹೊಸದಾಗಿದ್ದಾಗ ಇದು ಸಿರಿವಂತರ ಕಾರು, ಬಿಡಿಭಾಗಗಳ ಬೆಲೆ ಇವತ್ತಿಗೂ ಆ ಲೆಕ್ಕದಲ್ಲೇ ಇದೆ. ಬಿಚ್ಚಿದ ಮೂಲ ಭಾಗಗಳನ್ನು, ಆ ಹಳೆಯ ಪುಲ್ಲಿಯನ್ನೂ ಸೈಲೆನ್ಸರನ್ನೂ, ಒಂದು ಪೆಟ್ಟಿಗೆಯಲ್ಲಿ ಇಡಿ. ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲ ಸ್ಥಿತಿಗೆ ಹತ್ತಿರವಿರುವ ಕಾರಿಗೆ ಪಾರಂಪರಿಕ ನಂಬರ್ ಪ್ಲೇಟ್ ಸಿಗುತ್ತದೆ. ಮೊದಮೊದಲ ಇ55ಗಳಿಗೆ ಆ ವಯಸ್ಸಾಗುವುದು 2032ರ ಸುಮಾರಿಗೆ. ಆಗ ಗಾಡಿ ನಿಮ್ಮದಲ್ಲದಿದ್ದರೂ ಬಿಲ್ಲುಗಳ ಕಡತದ ಜೊತೆ ಆ ಪೆಟ್ಟಿಗೆಯೂ ಮುಂದಿನ ಮಾಲೀಕನಿಗೆ ಹೋಗಲಿ, ಒಳಗೆ ಯಾವುದನ್ನು ಯಾವಾಗ ಬಿಚ್ಚಿದ್ದು ಎಂಬ ಚೀಟಿಯ ಸಮೇತ.