ಪ್ರಾಡಾ: ನೈಲಾನಿನಿಂದ ಅಥಣಿಯವರೆಗೆ

ಮಿಲಾನಿನ ಗ್ಯಾಲರಿಯಾ ವಿಟ್ಟೋರಿಯೊ ಎಮಾನ್ಯುಯೆಲೆಯ ಗಾಜಿನ ಚಾವಣಿಯಡಿ ಮಾರಿಯೊ ಪ್ರಾಡಾ ಸೋದರನೊಡನೆ 1913ರಲ್ಲಿ ತೆರೆದದ್ದು ಚರ್ಮದ ಪೆಟ್ಟಿಗೆ, ಚೀಲಗಳ ಅಂಗಡಿ. 1919ರಲ್ಲಿ ಇಟಲಿಯ ಅರಮನೆಗೆ ಸರಕು ಒದಗಿಸುವ ಮನ್ನಣೆ ದೊರೆಯಿತು. ಆ ರಾಜಮನೆತನದ ಗುರುತು ಇಂದಿಗೂ ಪ್ರಾಡಾ ಲಾಂಛನದಲ್ಲಿದೆ. ಹೆಂಗಸರಿಗೆ ವ್ಯಾಪಾರ ಸಲ್ಲದು ಎಂದು ನಂಬಿದ್ದ ಮಾರಿಯೊ ಕಟ್ಟಿದ ಅಂಗಡಿ ಮೊದಲು ಮಗಳ, ಆಮೇಲೆ ಮೊಮ್ಮಗಳು ಮಿಯುಚಾ ಅವರ ಕೈಗೆ ಬಂತು. ಇವತ್ತು ನಾವು ಪ್ರಾಡಾ ಎಂದು ಗುರುತಿಸುವುದು ಬಹುಮಟ್ಟಿಗೆ ಈ ಮೊಮ್ಮಗಳ ಸೃಷ್ಟಿ.

ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಕಮ್ಯುನಿಸ್ಟ್ ಪಕ್ಷದಲ್ಲಿದ್ದು, ಮೂಕಾಭಿನಯ ಕಲಿತು ಬಂದ ಮಿಯುಚಾ ಸಿರಿವಂತಿಕೆಯ ರೂಢಿಯ ಲಕ್ಷಣಗಳನ್ನೇ ಅನುಮಾನದಿಂದ ನೋಡಿದರು. 1980ರ ದಶಕದಲ್ಲಿ, ಚರ್ಮಕ್ಕೇ ಹೆಸರಾದ ಮನೆತನದಿಂದ ಕಪ್ಪು ನೈಲಾನಿನ ಚೀಲ ಹೊರತಂದರು. ಕಾರ್ಖಾನೆಯ ಗಟ್ಟಿ ಬಟ್ಟೆ ಅದು. ಒಡವೆಯ ಬೆಡಗಿಲ್ಲ. 1996ರ ವಸಂತದ ಉಡುಪುಗಳಲ್ಲಿ ಹಳೆಯ ಪರದೆಗಳನ್ನು ನೆನಪಿಸುವ ಚಿತ್ತಾರ, ಮಂಕು ಹಸಿರು, ಕಂದು ಬಣ್ಣಗಳನ್ನು ಬೆರೆಸಿದರು. ಕುರೂಪವೆಂದು ಬದಿಗಿಟ್ಟದ್ದನ್ನು ಮತ್ತೆ ನೋಡುವಂತೆ ಮಾಡಿದ ಈ ಧೈರ್ಯವೇ ಪ್ರಾಡಾದ ನಿಜವಾದ ಹಿರಿಮೆ. ಫ್ಯಾಷನ್ ಲೋಕದಲ್ಲಿ ಇಷ್ಟು ಯೋಚಿಸುವ ಕೈಗಳು ವಿರಳ.

ಆದರೆ ಸಾಮಾನ್ಯವಾದದ್ದನ್ನು ಎತ್ತಿಕೊಂಡು ಬೆಲೆ ಹೆಚ್ಚಿಸುವ ಈ ಕಲೆಗೆ ಒಂದು ಎಲ್ಲೆ ಇದೆ. ನೈಲಾನಿಗೆ ವಾರಸುದಾರ ಸಮುದಾಯವಿಲ್ಲ. ಕೊಲ್ಹಾಪುರಿ ಚಪ್ಪಲಿಗೆ ಇದೆ. 2025ರ ಜೂನ್‌ನಲ್ಲಿ ಮಿಲಾನಿನ ಪುರುಷರ ಉಡುಪಿನ ಪ್ರದರ್ಶನದಲ್ಲಿ ರೂಪದರ್ಶಿಗಳ ಕಾಲಿಗೆ ಬಂದದ್ದು ಅದೇ ಬಗೆಯ ಚಪ್ಪಲಿ. ಪ್ರಾಡಾ ಅದನ್ನು ಬರೀ ಚರ್ಮದ ಸ್ಯಾಂಡಲ್ ಎಂದು ಕರೆಯಿತು. ಮಹಾರಾಷ್ಟ್ರದ ನಾಲ್ಕು ಹಾಗೂ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೆ ಸೇರಿ 2019ರಲ್ಲೇ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ವಸ್ತು ಇದು. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಸಸ್ಯದ ಒಗರಿನಿಂದ ಹದಗೊಳಿಸಿದ ಚರ್ಮವನ್ನು ಕತ್ತರಿಸಿ, ಪಟ್ಟಿ ಹೆಣೆದು, ಮೊಳೆ ಹೊಡೆಯದೆ ಚರ್ಮದ ಎಳೆಯಲ್ಲೇ ಹೊಲಿಯುತ್ತಾರೆ. ಆ ಸರಳ ರೂಪದ ಹಿಂದೆ ತಲೆಮಾರುಗಳ ಅರಿವಿದೆ, ಜಾತಿಯ ಅವಮಾನ ಸಹಿಸಿದ ದುಡಿಮೆಯಿದೆ. ಹೆಸರು ಹೇಳದೆ ರೂಪವನ್ನಷ್ಟೇ ಒಯ್ದದ್ದು ಅಪಚಾರ. ಮಿಯುಚಾ ಅವರ ಹಿನ್ನೆಲೆ ಬಲ್ಲವರಿಗೆ ಇದು ಇನ್ನಷ್ಟು ನೋವು ತರುತ್ತದೆ.

ಪ್ರತಿಭಟನೆ ಎದ್ದ ಮೇಲೆ ಸಂಸ್ಥೆ ಭಾರತದ ಪ್ರೇರಣೆಯನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳೊಡನೆ ಕೈಜೋಡಿಸಿ, ಇಲ್ಲೇ ತಯಾರಿಸುವ 2,000 ಜೊತೆಗಳನ್ನು ಸುಮಾರು 800 ಯೂರೋ ಬೆಲೆಗೆ ಮಾರುವ ಯೋಜನೆ ಪ್ರಕಟಿಸಿತು. ಇದು ಒಳ್ಳೆಯ ಹೆಜ್ಜೆ, ಆದರೆ ಸಾಲದು. ಆ ಬೆಲೆಯಲ್ಲಿ ಹೊಲಿದವರ ಪಾಲೆಷ್ಟು ಎಂಬುದು ಬಹಿರಂಗವಾಗಬೇಕು, ಪ್ರತಿ ಜೊತೆಯ ಮೇಲೆ ಅದು ತಯಾರಾದ ಊರಿನ ಹೆಸರಿರಬೇಕು. ಲಿಡ್ಕರ್ ಇದನ್ನು ಪಟ್ಟುಹಿಡಿದು ಕೇಳಲಿ.