ಹಿಂಬದಿ ನೋಡಿ ಕೊಂಡ ಸೈಕಲ್

ಸೀರೆ ಅಂಗಡಿಯಲ್ಲಿ ಅವ್ವ ಸೀರೆಯ ಮುಂಬದಿ ನೋಡಿದ್ದನ್ನು ನಾನು ಕಂಡೇ ಇಲ್ಲ. ಇಳಕಲ್ಲಿನಲ್ಲಿ ಗಾದಿಯ ಮೇಲೆ ಕೂತ ಅಂಗಡಿಯವರು ಸೆರಗು ಝಾಡಿಸಿ ಹರಡಿದ ಕೂಡಲೇ "ಹಿಂದ ತಿರುವ್ರಿ" ಅನ್ನುತ್ತಿದ್ದಳು. ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ ಗೆರೆಯೊಂದು ಇರುತ್ತದಲ್ಲ, ಅದರ ಮೇಲೆ ಬೆರಳ ತುದಿ ಆಡಿಸುವಳು. ದಡಿಯ ಪಕ್ಕ ಎಳೆ ಸಡಿಲಾಗಿದೆಯೇ ನೋಡುವಳು. ಕೊನೆಗೆ ಉಟ್ಟ ಸೀರೆಯ ಸೆರಗಿನ ಚುಂಗನ್ನು ನಾಲಿಗೆಗೆ ತಾಗಿಸಿ, ಹೊಸ ಸೀರೆಯ ಮೂಲೆಗೆ ತಿಕ್ಕಿ, "ಬಣ್ಣ ಬಿಡತೈತೇನ್ರಿ?" ಎಂದು ಕೇಳುವಳು. ಬೆಲೆಯ ಮಾತೆಲ್ಲ ಅದಾದ ಮೇಲೆ.

ಹೋದ ವರ್ಷ ಬೆಂಗಳೂರಿನ ಸೈಕಲ್ ಅಂಗಡಿಯೊಂದರಲ್ಲಿ ನಾನು ನೆಲಕ್ಕೆ ಮೊಣಕಾಲೂರಿ, ಸ್ಟ್ಯಾಂಡಿಗೆ ತೂಗುಹಾಕಿದ್ದ ಕಾರ್ಬನ್ ರೋಡ್ ಬೈಕೊಂದರ ಹೊಟ್ಟೆಯ ಕೆಳಗೆ ತಲೆ ತೂರಿಸಿ ಕೂತಿದ್ದೆ. "ಏನಾದ್ರೂ ಬಿತ್ತಾ ಸರ್?" ಎಂದ ಅಂಗಡಿಯ ಹುಡುಗ. ಏನೂ ಬಿದ್ದಿರಲಿಲ್ಲ. ಪೆಡಲ್ ತಿರುಗುವ ಜಾಗದಲ್ಲಿ, ಮೂರು ದಿಕ್ಕಿನ ಕೊಳವೆಗಳು ಬಂದು ಕೂಡುವಲ್ಲಿ, ಬಿಬಿ (ಬಾಟಮ್ ಬ್ರಾಕೆಟ್) ಗೂಡಿನ ಸುತ್ತ ಬೆರಳಾಡಿಸುತ್ತಿದ್ದೆ. ಅಲ್ಲಿ ಪೇಂಟು ತೆಳು, ಸ್ಟಿಕ್ಕರ್ ಇಲ್ಲ, ಯಾರೂ ಫೋಟೊ ತೆಗೆಯುವುದಿಲ್ಲ. ಹಾಗಾಗಿ ಕೆಲಸ ಹೇಗೆ ನಡೆದಿದೆ ಅನ್ನುವುದು ಅಲ್ಲೇ ಗೊತ್ತಾಗುವುದು. ಕೈಗೆ ಒಂದು ಗುಳಿ, ಒಂದು ಉಬ್ಬು ಸಿಗಲಿಲ್ಲ. ತೊಳೆದ ನದಿಗಲ್ಲಿನ ಹಾಗೆ ಒಂದು ಕೊಳವೆ ಇನ್ನೊಂದರೊಳಗೆ ಕರಗಿ ಹೋಗಿತ್ತು. ಬಿಬಿ ತಿರುಪಿ ಕೂರಿಸಿದ್ದು, ಒತ್ತಿ ಕೂರಿಸಿದ್ದಲ್ಲ. ಮುಂದೊಂದು ದಿನ ಕಿರ್ರೆಂದರೆ ಬಿಚ್ಚಿ ಒರೆಸಿ ಮತ್ತೆ ತಿರುಗಿಸಬಹುದು.

ಕಾರ್ಬನ್ ಫ್ರೇಮನ್ನು ಲೋಹದ ತಮ್ಮನಂತೆ ನೋಡುವವರಿಗೆ ಅದರ ರುಚಿ ಸಿಗುವುದಿಲ್ಲ. ಅದು ಜವಳಿಯ ಜಾತಿ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲಿನ ಹತ್ತಿರದ ನೆಂಟ ಅದರ ಮೂಲ. ಆ ನಾರನ್ನು ಮೊದಲು ಹದವಾಗಿ ಕಾಯಿಸಿ, ಆಮೇಲೆ ಗಾಳಿಯ ಸೋಂಕಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಸುಟ್ಟರೆ ಉಳಿದದ್ದೆಲ್ಲ ಹೋಗಿ ಹೆಚ್ಚೂಕಡಿಮೆ ಇಂಗಾಲವೊಂದೇ ಮಿಗುತ್ತದೆ. ಒಂದೊಂದು ಎಳೆ ಐದರಿಂದ ಏಳು ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಅದರ ಹತ್ತರಷ್ಟು. ಅಂಥ ಸಾವಿರಾರು ಎಳೆಗಳ ಪಟ್ಟಿಗೆ ಅಂಟು ಕುಡಿಸಿ ಹಾಳೆ ಮಾಡಿ, ಆ ಹಾಳೆಯನ್ನು ನೂರಾರು ತುಂಡಾಗಿ ಕತ್ತರಿಸಿ, ಅಚ್ಚಿನೊಳಗೆ ಒಂದರ ಮೇಲೊಂದು ಕೈಯಿಂದಲೇ ಹಾಸುತ್ತಾರೆ. ಇಷ್ಟು ಯಂತ್ರಗಳ ಕಾಲದಲ್ಲೂ ಆ ಹಾಸುವ ಕೆಲಸ ಕೈಯದೇ. ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಗೋಡೆಯಾಚೆ ಜೋಡಣೆಯಾಗುವ ತೇಜಸ್ ವಿಮಾನದ ಮೈತೂಕದಲ್ಲಿ ನೂರಕ್ಕೆ ನಲವತ್ತೈದು ಪಾಲು ಇದೇ ಬಗೆಯ ಹಾಸು. ಆ ಗೋಡೆಯ ಪಕ್ಕ ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುವ ನನಗೆ ಇದು ತಿಳಿದದ್ದು ಸೈಕಲ್ ಹುಚ್ಚು ಹಿಡಿದ ಮೇಲೆ.

ಇದರ ಸೊಗಸಿರುವುದು ಎಳೆಯ ದಿಕ್ಕಿನಲ್ಲಿ. ಲೋಹ ಎತ್ತ ಎಳೆದರೂ ಒಂದೇ ಹಟ ಹಿಡಿಯುತ್ತದೆ. ಕಾರ್ಬನ್ ಎಳೆಗೆ ಉದ್ದಕ್ಕೆ ಅಪಾರ ಶಕ್ತಿ, ಅಡ್ಡಕ್ಕೆ ತೀರ ಕಡಿಮೆ. ಆದ್ದರಿಂದ ಹಾಸುವವರು ಪೆಡಲಿನ ತಿರುಚಾಟ ಬರುವಲ್ಲಿ ಓರೆಯಾಗಿ, ಭಾರ ಬರುವಲ್ಲಿ ಉದ್ದಕ್ಕೆ, ಹೀಗೆ ದಿಕ್ಕು ಬದಲಿಸುತ್ತ ಹೋಗುತ್ತಾರೆ. ಒಂದೇ ಫ್ರೇಮು ಕೆಳಗೆ ಬಂಡೆ, ಸೀಟಿನ ಬಳಿ ಬಿದಿರು. ಇನ್ನು ಕೆಲವು ಸೈಕಲ್ಲುಗಳ ಮೇಲೆ ಚದುರಂಗದ ಹಾಸಿನಂತೆ ಮಿನುಗುವ ಕಪ್ಪು ನೇಯ್ಗೆ ಕಾಣುತ್ತದಲ್ಲ, "ನೋಡಿ ಸರ್, ಪ್ಯೂರ್ ಕಾರ್ಬನ್" ಎಂದು ತೋರಿಸುತ್ತಾರಲ್ಲ, ಅದು ಬಹುತೇಕ ಒಡವೆ. ದುಡಿಯುವ ಪದರಗಳು ಅದರ ಕೆಳಗೆ, ನೇಯ್ಗೆಯೇ ಇಲ್ಲದೆ, ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅವ್ವನಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಬರುತ್ತಿರಲಿಲ್ಲ.

ನನ್ನ ಗಡಿ ಎರಡೂವರೆ ಲಕ್ಷ. ಮನೆಯವಳ ಲೆಕ್ಕದಲ್ಲಿ ಅಷ್ಟಕ್ಕೆ ಎರಡು ಸ್ಕೂಟರ್ ಬರುತ್ತವೆ. ಸೈಕಲ್ ಲೋಕದಲ್ಲಿ ಮಾತ್ರ ಅದು ನಡುಮನೆಯ ದುಡ್ಡು. ಪಡಸಾಲೆಗೆ ಹೆಚ್ಚು, ದೇವರಕೋಣೆಗೆ ಸಾಲದು. ಆದರೆ ಈ ನಡುಮನೆಯಲ್ಲೇ ನಿಜವಾದ ಹಬ್ಬ ಅನ್ನುವುದು ನನ್ನ ಗಟ್ಟಿ ನಂಬಿಕೆ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ಡಿ ಫ್ರಾನ್ಸ್ ಗೆದ್ದಾಗ ಏರಿದ್ದು ಅಲ್ಯೂಮಿನಿಯಂ ಕೀಲುಗಳಿಗೆ ಕಾರ್ಬನ್ ಕೊಳವೆ ಅಂಟಿಸಿದ ಸೈಕಲ್. ಆಗ ಅದೊಂದು ಕೌತುಕ. ಇವತ್ತು ಅದಕ್ಕಿಂತ ಎಷ್ಟೋ ಪಾಲು ಚೊಕ್ಕ ಫ್ರೇಮು ಮಧ್ಯಮ ಬೆಲೆಗೆ ಸಿಗುತ್ತದೆ. ಹಲವು ಕಂಪನಿಗಳು ಒಂದೇ ಆಕಾರದ ಫ್ರೇಮನ್ನು ಎರಡು ಮೂರು ದರ್ಜೆಯ ನಾರಿನಲ್ಲಿ ಮಾಡುತ್ತವೆ. ಮೇಲಿನ ದರ್ಜೆಯದು ಒಂದಿಷ್ಟು ನೂರು ಗ್ರಾಂ ಹಗುರ, ಒಂದಿಷ್ಟು ಬಿಗಿ, ಬೆಲೆ ದುಪ್ಪಟ್ಟು ಮುಪ್ಪಟ್ಟು. ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಕಟ್ಟಳೆ. ನಾನು ನೋಡುತ್ತಿದ್ದದ್ದು ಎಂಟು ಕಿಲೋ ಚಿಲ್ಲರೆ. ನಡುವಿನ ಆ ಒಂದೂಕಾಲು ಕಿಲೋವನ್ನು ರಾತ್ರಿಯ ಅನ್ನದಲ್ಲಿ ಕಳೆಯುವುದು ಅಗ್ಗ.

ಮೊದಲು ಹೋಗಿದ್ದ ಇನ್ನೊಂದು ಅಂಗಡಿಯಲ್ಲಿ ಎತ್ತರದ ರಿಮ್ಮಿನ ಚಕ್ರ ಹಾಕಿ, ಮಂಡಿಯಷ್ಟು ದೊಡ್ಡ ಅಕ್ಷರ ಬರೆದ ಸೈಕಲ್ಲನ್ನು ಮುಂದಿಟ್ಟು, ನನ್ನ ಎತ್ತರ ಕೇಳುವ ಮುನ್ನವೇ ಕಂತಿನ ಲೆಕ್ಕ ಒಪ್ಪಿಸಿದ್ದರು. ಅದರ ಅಳತೆಯ ಪಟ್ಟಿ ಕೇಳಿದ್ದಕ್ಕೆ "ಎಲ್ಲಾ ಆಗುತ್ತೆ ಸರ್, ಸ್ಟೆಮ್ ಬದಲಾಯಿಸಿದರಾಯಿತು" ಎಂದರು. ಕುಪ್ಪಸ ಅಡ್ಡಾದಿಡ್ಡಿ ಹೊಲಿದು ಗುಂಡಿ ಬದಲಾಯಿಸಿದರಾಯಿತು ಅಂದ ಹಾಗೆ. ನಾನು ಇಷ್ಟಪಟ್ಟ ಎರಡು ಫ್ರೇಮುಗಳಲ್ಲಿ ಒಂದರ ಸ್ಟ್ಯಾಕ್, ಅಂದರೆ ಬಿಬಿಯಿಂದ ಮುಂದಿನ ಕೊಳವೆಯ ತಲೆಯವರೆಗಿನ ಎತ್ತರ, 545 ಮಿಲಿಮೀಟರ್, ಇನ್ನೊಂದರದ್ದು 565. ನಡುವಿನ ಅಂತರ ಒಂದು ಹೆಬ್ಬೆಟ್ಟಿನ ಅಗಲ. ಅಷ್ಟರಲ್ಲೇ ನಲವತ್ತಾರರ ನನ್ನ ಸೊಂಟದ ಭಾನುವಾರಗಳು ಅಡಗಿದ್ದವು. 565ನ್ನೇ ಆರಿಸಿದೆ. ಓಟದ ಹುಡುಗರು ಇದನ್ನು ಮುದುಕರ ಅಳತೆ ಎಂದು ನಗಬಹುದು, ನಗಲಿ.

ದೂರ ನಿಂತು ನೋಡಿದರೆ ಈ ಸೈಕಲ್ಲಿನ ಚೆಲುವೆಲ್ಲ ಇಳಿಜಾರಾದ ಮೇಲಿನ ಕೊಳವೆಯಲ್ಲಿದೆ. ನಮ್ಮೂರ ಕಡೆ, ಬಾಗಲಕೋಟೆ–ವಿಜಯಪುರದ ಸೈಕಲ್ ಪಟುಗಳು ಹಿಂದೆ ತುಳಿಯುತ್ತಿದ್ದ ಸ್ಟೀಲಿನ ಬೈಕುಗಳಲ್ಲಿ ಆ ಕೊಳವೆ ನೆಲಕ್ಕೆ ಸರಿಸಮ. ಅದನ್ನು ಓರೆ ಮಾಡಿ ಪೇಟೆಗೆ ತಂದವರಲ್ಲಿ ಮುಖ್ಯರು ಬ್ರಿಟನ್ನಿನ ಮೈಕ್ ಬರೋಸ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ವಿಚಿತ್ರಾಕಾರದ ಲೋಟಸ್ ಸೈಕಲ್ಲಿನ ಹಿಂದೆಯೂ ಅದೇ ತಲೆ. ಆ ದಶಕದ ಉತ್ತರಾರ್ಧದಲ್ಲಿ ತೈವಾನಿನ ಜಯಂಟ್ ಕಂಪನಿಗಾಗಿ ಅವರು ಮಾಡಿದ ಟಿಸಿಆರ್, ಮೇಲಿನ ಕೊಳವೆಯನ್ನು ಸೀಟಿನ ಕಡೆಗೆ ಜಾರಿಸಿತು. ಫ್ರೇಮು ಚಿಕ್ಕದಾಯಿತು, ಸೀಟುಕಂಬ ಉದ್ದವಾಯಿತು, ಉದ್ದವಾದ ಕಂಬ ಕುಲುಕಿಗೆ ತುಸು ಬಾಗಿ ಕೊಡತೊಡಗಿತು. ನಾನು ಕೊಂಡದ್ದು ಟಿಸಿಆರ್ ಅಲ್ಲ. ಆದರೂ ಅದರ ಬೆನ್ನಿನ ಗೆರೆ, ನೀರು ಕುಡಿಯಲು ಬಗ್ಗಿದ ಜಿಂಕೆಯದು, ಆ ಮನೆತನದ್ದೇ.

ಗೇರು ಶಿಮಾನೊ 105. ಹೆಸರಿನಲ್ಲಿ ಅಲಂಕಾರವಿಲ್ಲ, ಬರೀ ಅಂಕಿ. ಲಿವರ್ ಒತ್ತಿದಾಗ ಬೆರಳಿಗೆ ತಾಗುವ ಆ ಸಣ್ಣ ಕಟ್ಟು, ಅದರ ಬೆನ್ನಿಗೇ ಹಿಂದಿನಿಂದ ಬರುವ "ಛಕ್" ಸದ್ದು. ಇಸ್ಪೀಟಿನಲ್ಲಿ ತುರುಪಿನ ಎಲೆ ಹಾಕಿದ ಹಾಗೆ. ಬ್ಯಾಟರಿಯ ಗೇರು ಇದಕ್ಕಿಂತ ಚುರುಕೆಂದು ಒಪ್ಪುತ್ತೇನೆ, ಆದರೆ ತಂತಿ ಎಳೆದು ಬಿಡುವ ಆ ಹಿತ ಅದರಲ್ಲಿಲ್ಲ. ಮುಂದಿನ ಚಿಕ್ಕ ಹಲ್ಲುಗಾಲಿಗೆ 34, ಹಿಂದಿನ ದೊಡ್ಡದಕ್ಕೂ 34. ಪೆಡಲ್ ಒಂದು ಸುತ್ತು, ಚಕ್ರವೂ ಒಂದೇ ಸುತ್ತು. ನಂದಿ ಬೆಟ್ಟದ ಎಂಟು ಕಿಲೋಮೀಟರ್ ಏರಿನಲ್ಲಿ ಈ ಒಂದಕ್ಕೊಂದರ ಲೆಕ್ಕ ಎಂಥ ಕರುಣೆ ಅನ್ನುವುದು ಕೊನೆಯ ತಿರುವುಗಳಲ್ಲಿ ಮಾತು ನಿಂತುಹೋದವರಿಗೆ ಗೊತ್ತು.

ಕಂಪನಿಗಳು ಕೈ ಬಿಗಿ ಹಿಡಿಯುವುದು ಚಕ್ರದಲ್ಲಿ. ಈ ಬೆಲೆಯ ಬೈಕಿಗೆ ಬರುವ ಅಲ್ಯೂಮಿನಿಯಂ ಚಕ್ರಗಳು ಗಟ್ಟಿಮುಟ್ಟು, ತೂಕ ಜಾಸ್ತಿ, ಟೈರು ಸಾಧಾರಣ. ಚಕ್ರಕ್ಕೆ ಮುಂದೆ ನೋಡೋಣ ಎಂದು 28 ಮಿಲಿಮೀಟರಿನ ಒಳ್ಳೆಯ ಟೈರು ಹಾಕಿಸಿ, ಗಾಳಿಯನ್ನು 70 ಪಿಎಸ್‌ಐಗೆ ಇಳಿಸಿದೆ. ದೇವನಹಳ್ಳಿಯ ದಾರಿಯಲ್ಲಿ ಮೇಲ್ಸೇತುವೆಯ ಸಂದುಗಳು ನನ್ನ ಹಳೇ ಅಲ್ಯೂಮಿನಿಯಂ ಬೈಕಿನಲ್ಲಿ ಮಣಿಕಟ್ಟಿಗೆ ಬಡಿಯುತ್ತಿದ್ದವು. ಈಗ "ಧಪ್" ಎಂದು ಕೆಳಗೇ ಮುಗಿಯುತ್ತವೆ. ಇದರಲ್ಲಿ ಕಾರ್ಬನ್ನಿನ ಪಾಲೆಷ್ಟು, ಟೈರಿನ ಪಾಲೆಷ್ಟು ಎಂದು ಪ್ರಾಮಾಣಿಕವಾಗಿ ಹಂಚಿದರೆ ಟೈರಿಗೇ ಹೆಚ್ಚು ಹೋಗುತ್ತದೆ. ಎರಡೂವರೆ ಲಕ್ಷ ಕೊಟ್ಟವನಿಗೆ ಇದನ್ನು ಹೇಳಲು ಸ್ವಲ್ಪ ಕಷ್ಟ.

ಕೈ ಬದಲಿದ ಸೈಕಲ್ಲೊಂದನ್ನೂ ನೋಡಿದ್ದೆ, ಅರ್ಧ ಬೆಲೆಗೆ. ಹೊರಗೆ ಗೀರೂ ಇರಲಿಲ್ಲ. ಸಂತೆಯಲ್ಲಿ ಗಡಿಗೆ ಬಡಿದು ನೋಡುವಂತೆ ಒಂದು ರೂಪಾಯಿ ನಾಣ್ಯದಿಂದ ಕೊಳವೆಯುದ್ದಕ್ಕೂ ತಟ್ಟುತ್ತ ಬಂದೆ: ಟಕ್, ಟಕ್, ಟಕ್. ಕೆಳಗಿನ ಕೊಳವೆಯ ನಡುವಿನಲ್ಲಿ ಒಂದು ಕಡೆ ಮಾತ್ರ ಒದ್ದೆ ರಟ್ಟಿನ ಸದ್ದು. ಒಳಗೆ ಪದರ ಬಿಟ್ಟಿರಬಹುದು, ಬಿಡದೆಯೂ ಇರಬಹುದು. ನಾಣ್ಯ ಜೇಬಿಗೆ ಹಾಕಿ ಕೈ ಮುಗಿದು ಬಂದೆ.

ಸೈಕಲ್ ಒಪ್ಪಿಸುವ ದಿನ ಮೆಕ್ಯಾನಿಕ್ ಸೀಟುಕಂಬಕ್ಕೆ ಸಣ್ಣ ಮರಳಿನಂಥ ಕಣಗಳಿದ್ದ ಪೇಸ್ಟ್ ಹಚ್ಚಿದ. ಇಳಕಲ್ಲಿನ ಸೈಕಲ್ ಅಂಗಡಿಯ ಕಾಕಾ ಎಲ್ಲದಕ್ಕೂ ಗ್ರೀಸ್ ಬಳಿದು, ಹಲ್ಲು ಕಚ್ಚಿ ಸ್ಪ್ಯಾನರ್ ತಿರುವುತ್ತಿದ್ದ. ಇಲ್ಲಿ ಗ್ರೀಸ್ ಹಾಕಿದರೆ ಕಂಬ ಜಾರುತ್ತದೆ, ಹಲ್ಲು ಕಚ್ಚಿದರೆ ಫ್ರೇಮು ಬಿರಿಯುತ್ತದೆ. ಐದು ನ್ಯೂಟನ್ ಮೀಟರಿಗೆ ಗುರುತಿಟ್ಟ ಟಾರ್ಕ್ ರೆಂಚು ಮೆಲ್ಲಗೆ ತಿರುಗಿ "ಟಿಕ್" ಅಂದಿತು. ಹುಡುಗ ಅಲ್ಲಿಗೇ ಕೈ ಬಿಟ್ಟ.

ದಸರಾಕ್ಕೆ ಬಂದ ಅವ್ವ ಹಾಲ್‌ನ ಮೂಲೆಯಲ್ಲಿ ಅದನ್ನು ಕಂಡಳು. ಒಂದು ಕೈಲಿ ಎತ್ತಿದಳು. "ಅಯ್ಯ, ಖಾಲಿ ಕೊಡ ಇದ್ದಂಗೈತಲ್ಲೋ" ಅಂದಳು. ಬೆಲೆ ಕೇಳಿದಳು, ಅರ್ಧ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಷ್ಟಪಟ್ಟು ಬಗ್ಗಿ ಬಿಬಿಯ ಕೆಳಗೆ ನೋಡಿದಳು. ಆಮೇಲೆ ಸೆರಗಿನ ಚುಂಗನ್ನು ನಾಲಿಗೆಗೆ ತಾಗಿಸಿ, ಆ ಕಪ್ಪು ಕೊಳವೆಗೆ ಎರಡು ಸಲ ತಿಕ್ಕಿ, ಬೆಳಕಿಗೆ ಹಿಡಿದಳು.